ಮೊದಲು ಏಳುವವರು

ನಮ್ಮ ಮನೆಯಲ್ಲಿ ಮೊದಲು ಏಳುತ್ತಿದ್ದವಳು ನನ್ನ ಅಜ್ಜಿ. ಆಕೆ ಎಷ್ಟು ಗಂಟೆಗೆ ಏಳುತ್ತಿದ್ದಳೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ನಾವು ಆಕೆಗಿಂತ ಮೊದಲು ಎದ್ದಿರಬೇಕಾಗಿತ್ತಷ್ಟೆ. ನಾವು ಕಣ್ಣುಜ್ಜಿಕೊಂಡು ಹಿತ್ತಿಲಿಗೆ ಹೋಗುವ ಹೊತ್ತಿಗೆ ಬಾಗಿಲಿಗೆ ನೀರು ಬಿದ್ದಿರುತ್ತಿತ್ತು, ರಂಗೋಲಿ ಒಣಗಿರುತ್ತಿತ್ತು, ಹಂಡೆಯ ಒಲೆಯಲ್ಲಿ ತೆಂಗಿನ ಗರಿ ಚಟಪಟ ಎನ್ನುತ್ತಿತ್ತು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸುವಳು. ಅದಕ್ಕೊಂದು ಕ್ರಮ. ಮೊದಲು ಅಮ್ಮ, ಏಕೆಂದರೆ ಹಾಲು ಕಾಯಬೇಕು. ಆಮೇಲೆ ಚಿಕ್ಕಪ್ಪ, ಏಕೆಂದರೆ ಬಾವಿಯಿಂದ ನೀರು ಸೇದಬೇಕು. ಕೊನೆಗೆ ಮಕ್ಕಳಾದ ನಾವು, ಯಾವ ಉಪಯೋಗಕ್ಕೂ ಅಲ್ಲದೆ. ಚಿಕ್ಕಪ್ಪ ಏಳದೆ ಮುಸುಕೆಳೆದುಕೊಂಡರೆ ಅಜ್ಜಿ ಒಂದು ಸಲ ಗೊಣಗಿ ಮುಂದಕ್ಕೆ ಹೋಗುವಳು. ಒಬ್ಬ ಏಳಲಿಲ್ಲವೆಂದು ಮನೆ ನಿಲ್ಲುತ್ತಿರಲಿಲ್ಲ.

ಆಕೆಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ನೆಂಟರಿಷ್ಟರಲ್ಲಿ ಎಲ್ಲಾದರೂ ತಾಯಿತಂದೆ ಹೋಗಿ ಮಕ್ಕಳು ಪರದೇಶಿಗಳಾದರೆ ಅವು ಬಂದು ಸೇರುತ್ತಿದ್ದುದು ನಮ್ಮ ಅಜ್ಜಿಯ ಮಡಿಲಿಗೇ. ಹಾಗೆ ಬಂದ ಇಬ್ಬರು ನನ್ನ ಜೊತೆಗೇ ಬೆಳೆದರು. ಅವರು ನನ್ನ ಒಡಹುಟ್ಟಿದವರಲ್ಲವೆಂದು ನನಗೆ ತಿಳಿದದ್ದು ಅವರ ಲಗ್ನಪತ್ರಿಕೆ ಓದಿದಾಗ.

ವಾಚಕರು ಕ್ಷಮಿಸಬೇಕು. ನಾನು ಬರೆಯಹೊರಟಿರುವುದು ಅಜ್ಜಿಯ ವಿಷಯವಲ್ಲ, ಕಂಪ್ಯೂಟರಿನ ವಿಷಯ. ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳಿಕೊಂಡಿರುವವನಿಗೆ ಈ ಉಸಾಬರಿ ಏಕೆಂದು ಕೇಳಿದರೆ, ಅದನ್ನು ಹೇಳುವುದೇ ಈ ಬರಹದ ಉದ್ದೇಶ.

ಕಂಪ್ಯೂಟರಿನ ಗುಂಡಿ ಒತ್ತಿದಾಗ ಒಳಗೆ ಮೊದಲು ಎಚ್ಚರಗೊಳ್ಳುವುದು ಕರ್ನಲ್ ಎಂಬುದು. ಅದು ಯಂತ್ರದ ಕೈಕಾಲುಗಳನ್ನೆಲ್ಲ ಸವರಿ ನೋಡಿಕೊಂಡು, ಒಂದೇ ಒಂದು ಕ್ರಮವಿಧಿಯನ್ನು ಎಬ್ಬಿಸಿ, 'ಇನ್ನು ಉಳಿದವರನ್ನು ನೀನು ಎಬ್ಬಿಸಿಕೋ' ಎಂದು ಹೇಳಿ ಹಿನ್ನೆಲೆಗೆ ಸರಿಯುತ್ತದೆ. ಆ ಮೊದಲನೆಯದರ ಹೆಸರು ಇನಿಟ್. ಲಿನಕ್ಸಿನಲ್ಲಿ ಓಡುವ ಪ್ರತಿಯೊಂದು ಕೆಲಸಕ್ಕೂ ಒಂದು ಸಂಖ್ಯೆ ಇರುತ್ತದೆ. ಇನಿಟ್ಟಿನ ಸಂಖ್ಯೆ ಯಾವಾಗಲೂ 1. ಗಡಿಯಾರ, ಜಾಲ, ಮುದ್ರಣಯಂತ್ರ, ಪರದೆಯ ಮೇಲಿನ ಚಿತ್ರ, ಎಲ್ಲವೂ ಅದು ಎಬ್ಬಿಸಿದ ಮೇಲೆ ಎದ್ದವು. ತಾಯಿ ಸತ್ತ ಕೆಲಸಗಳನ್ನು ದತ್ತು ತೆಗೆದುಕೊಳ್ಳುವುದೂ ಸಾಮಾನ್ಯವಾಗಿ ಅದೇ. ಇನ್ನು ಕೆಲವು ಕೆಲಸಗಳು ಮುಗಿದುಹೋದರೂ ಅವುಗಳ ಲೆಕ್ಕ ಚುಕ್ತಾ ಮಾಡುವವರಿಲ್ಲದೆ ಪಟ್ಟಿಯಲ್ಲಿ ಹಾಗೆಯೇ ನಿಂತಿರುತ್ತವೆ. ಅವನ್ನು ಆ ಜನ ಜೊಂಬಿ ಎನ್ನುತ್ತಾರೆ. ಉತ್ತರಕ್ರಿಯೆ ಮಾಡುವವರಿಲ್ಲದ ಪ್ರೇತವೆಂದರೆ ನಮಗೆ ಇನ್ನೂ ಚೆನ್ನಾಗಿ ಅರ್ಥವಾದೀತು. ಅನಾಥವಾದ ಅಂಥವಕ್ಕೆ ಎಳ್ಳುನೀರು ಬಿಡುವ ಕೆಲಸವೂ ಒಂದನೆಯ ಸಂಖ್ಯೆಯದೇ. ಅದು ತಾನೇ ಸತ್ತರೆ ಕರ್ನಲ್ಲಿಗೆ ದಿಕ್ಕು ತೋಚುವುದಿಲ್ಲ. ಇಡೀ ಯಂತ್ರ ಅಲ್ಲಿಗೆ ಸ್ತಬ್ಧ.

ಇದನ್ನೆಲ್ಲ ನನಗೆ ಹೇಳಿಕೊಟ್ಟವನು ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಹೆಸರು ಬೇಡ, ಅವನು ಸಂಕೋಚದ ಹುಡುಗ. ಬಿ.ಎಸ್ಸಿ.ಯಲ್ಲಿ ಭಾಷಾಪಾಠಕ್ಕೆ ನನ್ನ ತರಗತಿಗೆ ಬಂದವನು, ವಿಜ್ಞಾನಕ್ಕಿಂತ ಹೆಚ್ಚಾಗಿ ಹಳಗನ್ನಡಕ್ಕೆ ಮರುಳಾದವನು. ಮುಂದೆ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ ಹಿಡಿದ. 2013ರಲ್ಲಿ ನಮ್ಮ ವಿಭಾಗಕ್ಕೆ ಯಾರೋ ದಾನವಾಗಿ ಕೊಟ್ಟ ಒಂದು ಕಂಪ್ಯೂಟರ್ ಬಂದಿತು. ಅದರ ಮೇಲೆ ಹಾಕಲು ತಂತ್ರಾಂಶಕ್ಕೆ ದುಡ್ಡಿರಲಿಲ್ಲ. ಹುಡುಗ ಒಂದು ಭಾನುವಾರ ಬಂದು ಡೆಬಿಯನ್ ಎಂಬುದನ್ನು ಹಾಕಿಕೊಟ್ಟ. ಲಿನಕ್ಸನ್ನು ಹಂಚುವ ಸಂಸ್ಥೆಗಳಲ್ಲಿ ಹಳೆಯವುಗಳಲ್ಲೊಂದು ಅದು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ತರುಣ ಆರಂಭಿಸಿದ. ಡೆಬ್ರಾ ಎಂಬ ತನ್ನ ಗೆಳತಿಯ ಹೆಸರಿನೊಂದಿಗೆ ತನ್ನ ಹೆಸರನ್ನು ಸಂಧಿಮಾಡಿ ಡೆಬಿಯನ್ ಎಂದ. ಆದೇಶವೋ ಆಗಮವೋ ಎಂದು ನಾನು ಕೇಳಲಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಮಾದರಿಗಳು ಅದರಲ್ಲಿ ಸಿಗುತ್ತವೆಂದು ಹುಡುಗ ತೋರಿಸಿದಾಗಲೇ ನಾನು ಒಲಿದುಬಿಟ್ಟೆ.

ಆ ಯಂತ್ರಕ್ಕೆ ನನಗಿಂತ ಹೆಚ್ಚು ಒಲಿದವರು ನಮ್ಮ ಮೇಷ್ಟ್ರು. ಎಂ.ಎ.ಯಲ್ಲಿ ನನಗೆ ಪಾಠ ಹೇಳಿದವರು. ಆಮೇಲೆ ಕೆಲವು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತು ಕೆಲಸ ಮಾಡುವ ಭಾಗ್ಯವೂ ನನಗಿತ್ತು. ಅವರ ವಿಷಯ ಗ್ರಂಥಸಂಪಾದನೆ. ಓಲೆಗರಿಗಳನ್ನು ಹುಡುಕಿಕೊಂಡು ಊರೂರು ಅಲೆದು, ಅವುಗಳ ಛಾಯಾಚಿತ್ರ ತೆಗೆದು, ಹೊರಗಿನಿಂದ ಜೋಡಿಸುವ ಒಂದು ಡಿಸ್ಕಿನಲ್ಲಿ ತುಂಬಿಟ್ಟಿದ್ದರು. ಡಿಸ್ಕು ಅವರ ಸ್ವಂತದ್ದು. ಹುಡುಗ ಅದನ್ನು ವಿಭಾಗದ ಯಂತ್ರಕ್ಕೆ ಶಾಶ್ವತವಾಗಿ ಜೋಡಿಸಿ, ಯಾವ ಡಿಸ್ಕನ್ನು ಎಲ್ಲಿ ಕೂರಿಸಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಬರೆದ. ಬೆಳಿಗ್ಗೆ ಯಂತ್ರ ಏಳುವಾಗ ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಏರಿಹೋಗುತ್ತಿತ್ತು: ಇಂಥದ್ದನ್ನು ಎಬ್ಬಿಸಿದೆ, ಸರಿ, ಇಂಥದ್ದನ್ನು ಎಬ್ಬಿಸಿದೆ, ಸರಿ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಅದನ್ನು ಓದುತ್ತ ನಿಲ್ಲುವರು. "ನೋಡಯ್ಯ, ತಾನು ಮಾಡಿದ್ದನ್ನೆಲ್ಲ ಹೇಳಿಕೊಂಡೇ ಏಳುತ್ತೆ. ನಮ್ಮ ಪ್ರಿನ್ಸಿಪಾಲರಿಗಿಂತ ವಾಸಿ" ಎನ್ನುವರು.

2015ರಲ್ಲಿ ಮೇಷ್ಟ್ರು ನಿವೃತ್ತರಾದರು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಸಂಜೆ ತಮ್ಮ ಪುಸ್ತಕಗಳ ಜೊತೆಗೆ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದರು. ಅದೇ ಬೇಸಿಗೆಯಲ್ಲಿ ಡೆಬಿಯನ್ನಿನ 8ನೆಯ ಆವೃತ್ತಿ ಬಂದಿತ್ತು. ರಜೆಯಲ್ಲಿ ಹುಡುಗ ಬಂದು ಹಳೆಯದನ್ನು ಹೊಸದಕ್ಕೆ ಏರಿಸಿ, ಎಲ್ಲ ಸರಿಯಾಗಿದೆಯೆಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದ. ಮರುದಿನ ನಾನು ಗುಂಡಿ ಒತ್ತಿದೆ. ಅಕ್ಷರಗಳು ಏರಿದವು, ನಡುವೆ ನಿಂತವು. ಏನನ್ನೋ ಕಾಯುತ್ತಿರುವುದಾಗಿಯೂ ಒಂದೂವರೆ ನಿಮಿಷ ಕಾಯುವುದಾಗಿಯೂ ಪರದೆ ಹೇಳಿತು, ಸೆಕೆಂಡುಗಳನ್ನು ಎಣಿಸತೊಡಗಿತು. ನಾನೂ ಕಾದೆ. ತೊಂಬತ್ತು ಸೆಕೆಂಡು ಮುಗಿದ ಮೇಲೆ ಇದು ತುರ್ತುಸ್ಥಿತಿ, ಯಜಮಾನನ ಗುಪ್ತಪದ ಕೊಡಿ ಎಂದು ಕೇಳಿ ಕುಳಿತುಬಿಟ್ಟಿತು. 'ತುರ್ತುಸ್ಥಿತಿ' ಎಂಬ ಮಾತನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿ ಬೆಳೆದ ನನ್ನಂಥವರಿಗೆ ಅದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಹುಡುಗನಿಗೆ ಫೋನು ಮಾಡಿದೆ.

"ಸಾರ್, ಆ ಹೊರಗಿನ ಡಿಸ್ಕ್ ಎಲ್ಲಿ?" ಎಂದ.

"ಮೇಷ್ಟ್ರು ಮನೆಗೆ ತೊಗೊಂಡು ಹೋದರಪ್ಪ. ಅವರದಲ್ಲವೇ?"

"ಅಯ್ಯೋ, ಹಾಗಾದರೆ ಅದೇ ಸಾರ್. ಅದು ಅದನ್ನೇ ಕಾಯ್ತಾ ಇದೆ."

ವಿಷಯ ಇಷ್ಟು. ಪಟ್ಟಿಯಲ್ಲಿ ಸಾಲು ಇದೆ, ಡಿಸ್ಕು ಇಲ್ಲ. ಹಳೆಯ ಇನಿಟ್ ಆಗಿದ್ದರೆ ಡಿಸ್ಕು ಸಿಗಲಿಲ್ಲವೆಂದು ಒಂದು ಸಾಲು ಗೊಣಗಿ ಮುಂದಕ್ಕೆ ಹೋಗುತ್ತಿತ್ತು. ಹೊಸದು ಹಾಗಲ್ಲ. ಬರಬೇಕಾದವರು ಬರಲಿಲ್ಲವೆಂದರೆ ಕಾಯುತ್ತದೆ, ಆಮೇಲೆ ಮನೆಯನ್ನೇ ನಿಲ್ಲಿಸಿಬಿಡುತ್ತದೆ. ಇದು ಹೊಸದರ ತಪ್ಪೆಂದು ಹೇಳಲಾರೆ. ಇರಬೇಕಾದ ಡಿಸ್ಕು ಇಲ್ಲದೆಯೇ ಬ್ಯಾಂಕಿನ ಲೆಕ್ಕದ ಯಂತ್ರವೊಂದು ಎದ್ದು ಕೆಲಸ ಆರಂಭಿಸಿದರೆ ಗತಿಯೇನು? ಡೆಬಿಯನ್ನಿನವರು ಈ ವ್ಯತ್ಯಾಸವನ್ನು ಆವೃತ್ತಿಯ ಜೊತೆಯ ಟಿಪ್ಪಣಿಯಲ್ಲಿ ಬರೆದೂ ಇದ್ದರಂತೆ. ನಾವು ಓದಿರಲಿಲ್ಲ. ಇಡೀ ಜನ್ಮ ಟಿಪ್ಪಣಿ ಬರೆಸುವುದರಲ್ಲೇ ಕಳೆಯುವ ಅಧ್ಯಾಪಕ ತಾನು ಟಿಪ್ಪಣಿ ಓದುವುದಿಲ್ಲ.

ಈ ಹೊಸ ಇನಿಟ್ಟಿನ ಹೆಸರು ಸಿಸ್ಟಮ್‌ಡಿ. ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಎಂಬಿಬ್ಬರು 2010ರಲ್ಲಿ ಹೊರತಂದದ್ದು. ಅದಕ್ಕೆ ಹಿಂದೆ ಲಿನಕ್ಸಿನಲ್ಲಿ ಬಹುಪಾಲು ನಡೆಯುತ್ತಿದ್ದುದು ಸಿಸ್‌ವಿ ಇನಿಟ್. 1983ರ ಯೂನಿಕ್ಸಿನ ವಂಶದ್ದು. ಅದರ ಪದ್ಧತಿ ಅಜ್ಜಿಯದೇ. ಎಬ್ಬಿಸಬೇಕಾದ ಒಂದೊಂದಕ್ಕೂ ಒಂದೊಂದು ಪುಟ್ಟ ಓಲೆ, ಓಲೆಯ ನೆತ್ತಿಗೆ ಒಂದು ಸಂಖ್ಯೆ, ಸಂಖ್ಯೆಯ ಪ್ರಕಾರ ಸರದಿ. ಸಿಸ್ಟಮ್‌ಡಿಯ ಪದ್ಧತಿಯನ್ನು ತಿಳಿಯಬೇಕಾದರೆ ನಮ್ಮ ಚಿಕ್ಕಮ್ಮನನ್ನು ನೋಡಿರಬೇಕಾಗಿತ್ತು. ಅಜ್ಜಿಯ ಕಾಲವಾದ ಮೇಲೆ ಮನೆಯ ಬೀಗದ ಕೈ ಚಿಕ್ಕಮ್ಮನ ಸೊಂಟಕ್ಕೆ ಬಂತು. ಆಕೆ ಎಲ್ಲರನ್ನೂ ಒಂದೇ ಗಂಟೆಗೆ ಎಬ್ಬಿಸಿದಳು. ಕಾಫಿ ಆಗುವ ಮೊದಲೇ ಲೋಟಗಳನ್ನು ಸಾಲಾಗಿ ಇಟ್ಟುಬಿಟ್ಟಳು. ಬೇಕಾದವರು ಬಂದು ಲೋಟದ ಮುಂದೆ ಕುಳಿತಿರಬಹುದು, ಕಾಫಿ ಬಂದಾಗ ಬೀಳುತ್ತದೆ. ಸಿಸ್ಟಮ್‌ಡಿಯೂ ಹಾಗೆಯೇ, ಸೇವೆ ಇನ್ನೂ ಏಳುತ್ತಿರುವಾಗಲೇ ಅದರ ಬಾಗಿಲನ್ನು ತೆರೆದಿಡುತ್ತದೆ, ಬಂದ ಕೋರಿಕೆಗಳು ಬಾಗಿಲಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಮನೆ ಬೇಗ ಏಳುತ್ತದೆ. ಯಾವ ಮಗು ಯಾರ ಮಗುವೆಂಬ ಲೆಕ್ಕವನ್ನೂ ಅದು ಬಿಗಿಯಾಗಿ ಇಡುತ್ತದೆ. ಒಂದು ಸೇವೆಯನ್ನು ನಿಲ್ಲಿಸಿದರೆ ಅದರ ಮಕ್ಕಳು ಮೊಮ್ಮಕ್ಕಳು ಮೂಲೆಯಲ್ಲಿ ಅಡಗಿ ಉಳಿಯುವಂತಿಲ್ಲ. ಮೊದಲಾದರೆ ಪ್ರತಿಯೊಂದು ಸೇವೆಗೂ ನೂರಿನ್ನೂರು ಸಾಲಿನ ಓಲೆ ಬರೆಯಬೇಕಾಗಿತ್ತು. ಈಗ ಹತ್ತು ಹನ್ನೆರಡು ಸಾಲು ಸಾಕು.

ಆದರೆ ಚಿಕ್ಕಮ್ಮ ಬೀಗದ ಕೈಯ ಜೊತೆಗೆ ಲೆಕ್ಕದ ಪುಸ್ತಕ, ಉಗ್ರಾಣ, ಬಂದುಹೋಗುವವರ ವಿಚಾರಣೆ, ಗಡಿಯಾರಕ್ಕೆ ಕೀಲಿ ಕೊಡುವುದು, ಎಲ್ಲವನ್ನೂ ಒಂದೊಂದಾಗಿ ತೆಗೆದುಕೊಂಡಳು. ಸಿಸ್ಟಮ್‌ಡಿಯ ಮೇಲೆ ಹಳಬರ ದೂರೂ ಇದೇ. ದಿನಚರಿ ಬರೆಯುವುದು ಅದರ ಬಳಗ, ಒಳಗೆ ಬಂದವರನ್ನು ಗುರುತಿಟ್ಟುಕೊಳ್ಳುವುದು ಅದರ ಬಳಗ, ಹೊತ್ತುಹೊತ್ತಿನ ಕೆಲಸ ಮಾಡಿಸುವುದೂ ಅದೇ. ಒಂದು ಉಪಕರಣ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬುದು ಯೂನಿಕ್ಸಿನವರ ಕುಲಾಚಾರ. ಅದರ ದಿನಚರಿ ಕೂಡ ಸಾದಾ ಅಕ್ಷರದಲ್ಲಿಲ್ಲ. ಓದಬೇಕಾದರೆ ಅದರದೇ ಉಪಕರಣ ಬೇಕು. ಈ ಒಂದು ಆಕ್ಷೇಪಣೆ ಮಾತ್ರ ನನ್ನ ಮನಸ್ಸಿಗೆ ನಾಟಿತು. ಬರೆದದ್ದು ಬರಿಗಣ್ಣಿಗೆ ಓದಲು ಸಿಗಬೇಕು ಎಂಬುದು ನನ್ನ ಕಸುಬಿನ ಹಟ.

ಇದರ ಸುತ್ತ ಡೆಬಿಯನ್ನಿನಲ್ಲಿ ನಡೆದ ಜಗಳವನ್ನು ಹುಡುಗ ನನಗೆ ಕಂತುಕಂತಾಗಿ ಹೇಳಿದ. ನಾನು ಭಾರತದ ಕಥೆ ಕೇಳುವಂತೆ ಕೇಳಿದೆ. ಅಲ್ಲಿ ಯಜಮಾನರಿಲ್ಲ. ಸಂಬಳವಿಲ್ಲದೆ ದುಡಿಯುವ ಸುಮಾರು ಸಾವಿರ ಮಂದಿ ಸದಸ್ಯರು, ಅವರದೇ ಒಂದು ಸಂವಿಧಾನ, ಒಂದು ತಾಂತ್ರಿಕ ಸಮಿತಿ. ಕೇಳದಿದ್ದವರಿಗೆ ಯಾವ ಇನಿಟ್ ಕೊಡಬೇಕು ಎಂಬ ಪ್ರಶ್ನೆ 2013ರ ಅಕ್ಟೋಬರಿನಲ್ಲಿ ಆ ಸಮಿತಿಯ ಮುಂದೆ ಬಂತು. ಕೇಳದಿದ್ದವರಿಗೆ ಕೊಡುವುದು ಎಂದರೆ, ಹೋಟೆಲಿನಲ್ಲಿ ಬರಿದೆ ಕಾಫಿ ಎಂದರೆ ಸಕ್ಕರೆ ಹಾಕಿದ್ದೇ ಬರುವುದಿಲ್ಲವೆ, ಹಾಗೆ. ಸಕ್ಕರೆ ಬೇಡದವನು ಬಾಯಿಬಿಟ್ಟು ಹೇಳಬೇಕು. ಕಣದಲ್ಲಿ ಸಿಸ್ಟಮ್‌ಡಿ, ಉಬುಂಟುವಿನವರ ಅಪ್‌ಸ್ಟಾರ್ಟ್, ಜೆಂಟೂ ಕಡೆಯ ಓಪನ್‌ಆರ್‌ಸಿ, ಹಳೆಯ ಸಿಸ್‌ವಿ ಇದ್ದವು. ಸಮಿತಿಯಲ್ಲಿ ಎಂಟು ಜನ. ತಿಂಗಳುಗಟ್ಟಲೆ ವಾದವಾದ ಮೇಲೆ ನಾಲ್ವರು ಸಿಸ್ಟಮ್‌ಡಿಯ ಕಡೆ, ನಾಲ್ವರು ಅಪ್‌ಸ್ಟಾರ್ಟಿನ ಕಡೆ. 2014ರ ಫೆಬ್ರವರಿ 11ರಂದು ಅಧ್ಯಕ್ಷರಾದ ಬಿಡೇಲ್ ಗಾರ್ಬಿ ತಮ್ಮ ನಿರ್ಣಾಯಕ ಮತವನ್ನು ಸಿಸ್ಟಮ್‌ಡಿಗೆ ಹಾಕಿದರು. ಅಷ್ಟು ದೊಡ್ಡ ಮನೆಯ ಬೀಗದ ಕೈ ಒಂದು ಮತದ ಮೇಲೆ ಕೈ ಬದಲಾಯಿಸಿತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ನಿಜವಾದ ಜಗಳ ಶುರುವಾದದ್ದೇ ಅಲ್ಲಿ. ಸಕ್ಕರೆ ಬೇಡವೆಂದವನಿಗೆ ಸಕ್ಕರೆಯಿಲ್ಲದ ಕಾಫಿ ಸಿಕ್ಕೀತೆ? ಬೇರೆ ತಂತ್ರಾಂಶಗಳು 'ಸಿಸ್ಟಮ್‌ಡಿ ಇದ್ದರೆ ಮಾತ್ರ ನಾನು ಏಳುತ್ತೇನೆ' ಎನ್ನತೊಡಗಿದರೆ ಪರ್ಯಾಯವಿದೆ ಎಂಬ ಮಾತಿಗೆ ಅರ್ಥವೇನು? ಯಾವ ತಂತ್ರಾಂಶವೂ ಇಂಥದೇ ಇನಿಟ್ ಬೇಕೆಂದು ಹಟ ಹಿಡಿಯಬಾರದೆಂದು ಇಯಾನ್ ಜಾಕ್ಸನ್ ಎಂಬವರು ಅದೇ ವರ್ಷ ನಿರ್ಣಯ ತಂದರು. ಮತವಾಯಿತು. ನವೆಂಬರಿನಲ್ಲಿ ಗೆದ್ದದ್ದು ಯಾವ ಪಕ್ಷವೂ ಅಲ್ಲ. ಇದಕ್ಕೆ ಸಾರ್ವತ್ರಿಕ ನಿರ್ಣಯದ ಅಗತ್ಯವೇ ಇಲ್ಲ ಎಂಬ ಉತ್ತರ. ಜಾಕ್ಸನ್ ಸಮಿತಿಯನ್ನು ಬಿಟ್ಟರು. ಹದಿನೆಂಟು ವರ್ಷ ದುಡಿದ ಜೋಯಿ ಹೆಸ್ ಆ ತಿಂಗಳೇ ಡೆಬಿಯನ್ನನ್ನೇ ಬಿಟ್ಟರು. ಅತ್ತ ಸಿಸ್ಟಮ್‌ಡಿಯನ್ನು ನೋಡಿಕೊಳ್ಳುತ್ತಿದ್ದವರೊಬ್ಬರೂ ಬೈಗುಳ ಸಾಕಾಗಿ ಆ ಕೆಲಸ ಬಿಟ್ಟರು. ಕೆಲವರು ಬೇರೆ ಮನೆಯನ್ನೇ ಹೂಡಿದರು. ಡೆವುವಾನ್ ಎಂದು ಅದರ ಹೆಸರು. ಅದು ಅದೇ ನವೆಂಬರಿನಲ್ಲಿ ಘೋಷಣೆಯಾಗಿ, ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2017ರ ಮೇ ತಿಂಗಳಲ್ಲಿ. ಸಾಲು ಬೇರೆಯಾದ ಅಣ್ಣತಮ್ಮಂದಿರ ಹಾಗೆ ಪಾತ್ರೆಪಡಗ ಎಲ್ಲ ಅವೇ, ಒಲೆ ಮಾತ್ರ ಬೇರೆ.

ಈಗ ನಮ್ಮ ಯಂತ್ರದ ಮಾತು. ಹುಡುಗ ಎರಡು ದಾರಿ ಹೇಳಿದ. ಒಂದು, ಪಟ್ಟಿಯಲ್ಲಿ ಮೇಷ್ಟ್ರ ಡಿಸ್ಕಿನ ಸಾಲಿನ ಪಕ್ಕಕ್ಕೆ 'ನೋಫೇಲ್' ಎಂದು ಒಂದು ಪದ ಬರೆಯುವುದು. ಆಗ ಡಿಸ್ಕು ಬಂದರೂ ಪಾಸು, ಬಾರದಿದ್ದರೂ ಪಾಸು. ಶಾಲೆಗಳಲ್ಲಿ ಬಂದಿದ್ದ ಈ ನೀತಿ ಕಂಪ್ಯೂಟರಿಗೂ ಹಬ್ಬಿತೆ ಎಂದು ನಾನು ಆಶ್ಚರ್ಯಪಟ್ಟೆ. ಇನ್ನೊಂದು ದಾರಿ, ಸಿಸ್ಟಮ್‌ಡಿಯನ್ನು ಇಳಿಸಿ ಹಳೆಯ ಸಿಸ್‌ವಿಯನ್ನೇ ಮತ್ತೆ ಕೂರಿಸುವುದು. ಡೆಬಿಯನ್ ಅದನ್ನೂ ಕಪಾಟಿನಲ್ಲಿ ಇಟ್ಟಿದೆ, ಕೇಳಿದವರಿಗೆ ಕೊಡುತ್ತದೆ.

"ಹಳೆಯದನ್ನೇ ಹಾಕಪ್ಪ" ಎಂದೆ. ತಾಂತ್ರಿಕ ಕಾರಣ ಒಂದೂ ಇರಲಿಲ್ಲ. ಬಾರದ ಡಿಸ್ಕಿಗಾಗಿ ಎಣಿಸುತ್ತ ಕುಳಿತ ಆ ತೊಂಬತ್ತು ಸೆಕೆಂಡು ನನ್ನ ಮನಸ್ಸನ್ನು ಏಕೋ ಕಲಕಿತ್ತು. ಎದುರಿನ ಖಾಲಿ ಕುರ್ಚಿಯನ್ನು ನೋಡಿಕೊಂಡು ಅದನ್ನು ದಿನಾ ಓದುವುದು ನನ್ನಿಂದಾಗದು ಎನಿಸಿತು. ಗೊಣಗಿಕೊಂಡು ಮುಂದೆ ಹೋಗುವ ಅಜ್ಜಿಯೇ ವಾಸಿ.

"ಹಾಕ್ತೀನಿ ಸಾರ್. ಆದರೆ ಮುಂದೆ ಇದನ್ನ ನೋಡಿಕೊಳ್ಳೋರು ಯಾರು?"

"ನೀನಿದ್ದೀಯಲ್ಲ" ಎಂದೆ. ಎಷ್ಟು ಸುಲಭವಾಗಿ ಎಂದೆ!

ಅವನು ನೋಡಿಕೊಂಡ. ಎರಡು ವರ್ಷಕ್ಕೊಮ್ಮೆ ಡೆಬಿಯನ್ನಿನ ಹೊಸ ಆವೃತ್ತಿ ಬರುತ್ತದೆ, ಪ್ರತಿ ಸಲವೂ ಅವನಿಗೆ ಒಂದು ರಾತ್ರಿಯ ಕೆಲಸ. ಪರದೆಯ ಮೇಲಿನ ಚಿತ್ರವ್ಯವಸ್ಥೆ, ಒಳಬಂದವರ ಲೆಕ್ಕವಿಡುವ ಸಿಸ್ಟಮ್‌ಡಿಯ ಅಂಗವೊಂದನ್ನು ಕೇಳುತ್ತದೆ. ಆ ಒಂದು ಅಂಗವನ್ನು ಮಾತ್ರ ಕತ್ತರಿಸಿ ತೆಗೆದು ಬೇರೆ ಇನಿಟ್ಟುಗಳ ಜೊತೆಯಲ್ಲೂ ಬಾಳುವಂತೆ ಯಾರೋ ಮಾಡಿದ್ದಾರೆ, ಇಲಾಗಿಂಡ್ ಎಂದು ಹೆಸರು. ಅದನ್ನು ತಂದು ಜೋಡಿಸಿದ. ಇನ್ನೊಂದು ಸಲ ಯಾವುದೋ ಸೇವೆಯ ಪೊಟ್ಟಣದಲ್ಲಿ ಹಳೆಯ ಓಲೆಯೇ ಮಾಯವಾಗಿತ್ತು. ಅದನ್ನು ನೋಡಿಕೊಳ್ಳುವವರು ಸಿಸ್ಟಮ್‌ಡಿಯದನ್ನು ಮಾತ್ರ ಇಟ್ಟು ಹಳೆಯದನ್ನು ಕೈಬಿಟ್ಟಿದ್ದರು. ಹುಡುಗನಿಗೆ ಅಷ್ಟರಲ್ಲಿ ಮದುವೆಯಾಗಿ ಮಗುವಾಗಿತ್ತು. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ನನ್ನಿಂದ ಒಂದೊಂದೇ ಅಕ್ಷರ ಒತ್ತಿಸುತ್ತ ಆ ಓಲೆಯನ್ನು ಬರೆಸಿದ. ಹಿನ್ನೆಲೆಯಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು. ಅವನ ಹೆಂಡತಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲವೆಂದು ನಟಿಸಿದೆ.

ಡೆಬಿಯನ್ನಿನ 2023ರ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ಪೊಟ್ಟಣಗಳಿವೆಯಂತೆ. ಎಲ್ಲಕ್ಕೂ ಓಲೆ ಬೇಡ. ಬೆಳಿಗ್ಗೆ ಎಬ್ಬಿಸಬೇಕಾದವಕ್ಕೆ ಮಾತ್ರ ಬೇಕು. ಆದರೂ ಅವುಗಳ ಸಂಖ್ಯೆ ಏನು ಕಡಿಮೆಯೇ! ಒಂದೊಂದಕ್ಕೂ ಎರಡು ಬಗೆಯ ಓಲೆ ಇರಬೇಕು, ಎರಡೂ ನಡೆಯುತ್ತವೆಯೇ ಎಂದು ನೋಡಬೇಕು. ತಾನು ದಿನವೂ ಸಿಸ್ಟಮ್‌ಡಿಯಲ್ಲೇ ಕೆಲಸ ಮಾಡುವವನು ಇನ್ನೊಂದನ್ನು ಪರೀಕ್ಷಿಸುವುದು ಹೇಗೆ? ಪರೀಕ್ಷಿಸದ ಓಲೆ ಕೊಳೆಯುತ್ತದೆ. ಡೆಬಿಯನ್ನಿನ ಸಂವಿಧಾನದಲ್ಲಿ ಒಂದು ವಿಧಿಯಿದೆ, ಅದನ್ನು ಕೇಳಿ ನಾನು ಬೆರಗಾದೆ: ಯಾವ ಸದಸ್ಯನನ್ನೂ ಇಂಥ ಕೆಲಸ ಮಾಡೆಂದು ಕಟ್ಟುಪಡಿಸುವಂತಿಲ್ಲ. ಮಾಡುವವರಿಗೆ ಅಡ್ಡಿ ಮಾಡಬಾರದು, ಅಷ್ಟೇ. ಎಂದ ಮೇಲೆ, ಪರ್ಯಾಯ ಇರತಕ್ಕದ್ದು ಎಂದು ಬಹುಮತದಿಂದ ನಿರ್ಣಯ ಮಾಡಿದರೂ ಓಲೆ ಬರೆಯುವ ಕೈ ಎಲ್ಲಿಂದ ಬರಬೇಕು?

ಐದು ವರ್ಷ ಬಿಟ್ಟು, 2019ರಲ್ಲಿ, ಪ್ರಶ್ನೆ ಮತ್ತೆ ತಲೆಯೆತ್ತಿತು. ಆಗಿನ ನಾಯಕ ಸ್ಯಾಮ್ ಹಾರ್ಟ್‌ಮನ್ ಅದನ್ನು ಎಲ್ಲ ಸದಸ್ಯರ ಮತಕ್ಕೆ ಹಾಕಿದರು. ಮತಪತ್ರದಲ್ಲಿ ಎಂಟು ಉತ್ತರಗಳು. ಒಂದನ್ನೇ ಆರಿಸಬೇಕೆಂದಿಲ್ಲ, ಎಲ್ಲವನ್ನೂ ಇಷ್ಟದ ಕ್ರಮದಲ್ಲಿ ಜೋಡಿಸಬಹುದು. ಎಂಟನೆಯದು 'ಇನ್ನೂ ಚರ್ಚೆಯಾಗಲಿ' ಎಂಬುದು. ನಮ್ಮ ಕಾಲೇಜಿನ ಸಭೆಗಳಲ್ಲಿ ಈ ಎಂಟನೆಯ ಉತ್ತರವನ್ನು ಅಧಿಕೃತವಾಗಿ ಸೇರಿಸಿದ್ದರೆ ಅದು ಒಮ್ಮೆಯೂ ಸೋಲುತ್ತಿರಲಿಲ್ಲ. ಡೆಬಿಯನ್ನಿನಲ್ಲಿ ಸೋತಿತು. ಡಿಸೆಂಬರಿನ ಕೊನೆಗೆ ಗೆದ್ದ ಉತ್ತರದ ಅಭಿಪ್ರಾಯ ಹೀಗೆ: ನಾವು ನೆಚ್ಚುವುದು ಸಿಸ್ಟಮ್‌ಡಿಯನ್ನು, ಪರ್ಯಾಯಗಳನ್ನು ಅರಸುವವರಿಗೆ ನಮ್ಮ ಬೆಂಬಲವುಂಟು, ಆದರೆ ಅದರ ದುಡಿಮೆಯನ್ನು ಅವರೇ ಒದಗಿಸಿಕೊಳ್ಳಬೇಕು. ಬಾಗಿಲು ಮುಚ್ಚಿಲ್ಲ, ಆದರೆ ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ.

ಹುಡುಗ ಇದನ್ನು ಹೇಳಿದಾಗ ನನಗೆ ನಗು ಬಂತು, ಒಡನೆಯೇ ಮುಖ ಬಿಸಿಯಾಯಿತು. ಏಕೆಂದರೆ ಅದೇ ವರ್ಷ, ಸುಮಾರು ಅದೇ ಮಾತುಗಳಲ್ಲಿ, ನಾವೂ ಒಂದು ನಿರ್ಣಯ ಮಾಡಿದ್ದೆವು.

ಮೇಷ್ಟ್ರು ನಿವೃತ್ತರಾದ ಮೇಲೆ ಗ್ರಂಥಸಂಪಾದನೆಯ ಐಚ್ಛಿಕ ಪತ್ರಿಕೆಯನ್ನು ಕೆಲವು ವರ್ಷ ಯಾರೋ ಒಬ್ಬರು ಅತಿಥಿ ಉಪನ್ಯಾಸಕರು ಹೇಗೋ ದೂಡಿದ್ದರು, ಅವರೂ ಹೋದರು. ಪತ್ರಿಕೆ ಇರಬೇಕೋ ಬೇಡವೋ ಎಂದು ವಿಭಾಗದ ಸಭೆ ಸೇರಿತು. ಖಾರಾಬೂಂದಿ, ಕಾಫಿ. ತೆಗೆದುಹಾಕೋಣವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೇಷ್ಟ್ರು ಕಟ್ಟಿದ ಪತ್ರಿಕೆ. ಕೊನೆಗೆ ತೀರ್ಮಾನವಾದದ್ದು: ಎಲ್ಲರಿಗೂ ಆಧುನಿಕ ಸಾಹಿತ್ಯ, ಗ್ರಂಥಸಂಪಾದನೆ ಪಟ್ಟಿಯಲ್ಲಿ ಉಳಿಯತಕ್ಕದ್ದು, ಆಸಕ್ತಿಯುಳ್ಳ ಅಧ್ಯಾಪಕರು ಪಾಠ ಮಾಡಬಹುದು. ಎಲ್ಲರೂ ಕೈಯೆತ್ತಿದರು. ನನ್ನದು ಎಲ್ಲರಿಗಿಂತ ಮೊದಲು ಎದ್ದ ಕೈ. ಆ ಸಂಜೆಯೇ ಮೇಷ್ಟ್ರು ಫೋನು ಮಾಡಿದರು. ಯಾರು ಹೇಳಿದ್ದರೋ.

"ಪತ್ರಿಕೆ ಉಳೀತಂತಲ್ಲಯ್ಯ, ಸಂತೋಷ. ಪಾಠ ಮಾಡೋರು ಯಾರು?"

"ನೋಡಬೇಕು ಮೇಷ್ಟ್ರೆ" ಎಂದೆ.

ಮೇಷ್ಟ್ರು ಮತ್ತೆ ಕೇಳಲಿಲ್ಲ. ಮರುವರ್ಷ ನಾಲ್ವರು ವಿದ್ಯಾರ್ಥಿಗಳು ಬಂದು ಕೇಳಿದರು. ವೇಳಾಪಟ್ಟಿ ತುಂಬಿದೆಯೆಂದೆ. ತುಂಬಿತ್ತು, ಸುಳ್ಳಲ್ಲ. ಆಮೇಲಿನ ವರ್ಷ ಇಬ್ಬರು. ಆಮೇಲೆ ಯಾರೂ ಬರಲಿಲ್ಲ. ಪತ್ರಿಕೆಯ ಹೆಸರು ಮಾತ್ರ ಪ್ರತಿ ವರ್ಷವೂ ಪಠ್ಯಕ್ರಮದ ಪುಸ್ತಕದಲ್ಲಿ ತಪ್ಪದೆ ಅಚ್ಚಾಗುತ್ತಿತ್ತು, ಎಫ್‌ಎಸ್‌ಟ್ಯಾಬಿನಲ್ಲಿ ಡಿಸ್ಕಿನ ಸಾಲು ಇದ್ದ ಹಾಗೆ.

ಮೇಷ್ಟ್ರ ಪಾಠದಲ್ಲಿ ಮೊದಲನೆಯ ದಿನವೇ ಬರುತ್ತಿದ್ದ ಮಾತು ಪಾಠಾಂತರ. ಒಂದು ಪದ್ಯಕ್ಕೆ ನಾಲ್ಕು ಓಲೆಪ್ರತಿಗಳಲ್ಲಿ ನಾಲ್ಕು ಬಗೆಯ ರೂಪ ಸಿಕ್ಕಿದರೆ ಸಂಪಾದಕ ವಿವೇಚನೆಯಿಂದ ಒಂದನ್ನು ಆರಿಸಿ ಮೇಲೆ ಅಚ್ಚುಹಾಕುತ್ತಾನೆ. ಉಳಿದ ಮೂರನ್ನು ಎಸೆಯುವುದಿಲ್ಲ, ಅಡಿಯಲ್ಲಿ ಚಿಕ್ಕಕ್ಷರದಲ್ಲಿ ಕೊಡುತ್ತಾನೆ. ತಾನು ಆರಿಸಿದ್ದು ತಪ್ಪಿದ್ದರೆ ಮುಂದಿನವನಿಗೆ ದಾರಿ ಇರಲಿ ಎಂದು. ಸಾಮಾನ್ಯ ಓದುಗನಿಗೆ ಆ ಅಡಿಟಿಪ್ಪಣಿ ಬೇಕಿಲ್ಲ, ಪ್ರಕಾಶಕನಿಗೆ ಅದು ಕಾಗದದ ದಂಡ. "ಮೇಲಿನ ಸಾಲಿಗೆ ಜಾಣ ಸಾಕಯ್ಯ, ಕೆಳಗಿನ ಸಾಲಿಗೆ ಕತ್ತೆ ದುಡಿದ ಹಾಗೆ ದುಡಿಯೋನು ಬೇಕು" ಎನ್ನುತ್ತಿದ್ದರು. ನಾಲ್ಕು ಪ್ರತಿಗಳನ್ನೂ ಅಕ್ಷರಕ್ಕೆ ಅಕ್ಷರ ಹಿಡಿದು ನೋಡಬೇಕಾದವನು ಅವನೇ ತಾನೆ. ಡೆಬಿಯನ್ನಿನ ಜಗಳವನ್ನು ಅವರಿಗೆ ಹೇಳಿದ್ದರೆ ಒಂದು ನಿಮಿಷದಲ್ಲಿ ಅರ್ಥಮಾಡಿಕೊಳ್ಳುತ್ತಿದ್ದರು. ಹೇಳಲು ನಾನು ಹೋಗಬೇಕಾಗಿತ್ತು. ಒಂದೇ ಊರಿನಲ್ಲಿದ್ದೂ, ಮದುವೆ ಮುಂಜಿಗಳಲ್ಲಿ ಕಂಡಾಗ ಕೈಮುಗಿದದ್ದು ಬಿಟ್ಟರೆ ನಾನು ಅವರ ಮನೆಯ ಕಡೆ ತಲೆಹಾಕಿರಲಿಲ್ಲ.

ಈ ವರ್ಷ ಜುಲೈಯಲ್ಲಿ ಇಬ್ಬರು ಹುಡುಗಿಯರು ಪಠ್ಯಕ್ರಮದ ಪುಸ್ತಕ ಹಿಡಿದುಕೊಂಡು ಬಂದರು. "ಸಾರ್, ಇದರಲ್ಲಿ ಈ ಪತ್ರಿಕೆ ಇದೆಯಲ್ಲ, ನಮಗೆ ಇದೇ ಬೇಕು" ಎಂದರು. ವೇಳಾಪಟ್ಟಿ ಎಂದು ಬಾಯಿ ತೆರೆದೆ. ಅದೇ ವಾರ ಹುಡುಗ ಫೋನಿನಲ್ಲಿ ಇನ್ನೊಂದು ಸಂಗತಿ ಹೇಳಿದ್ದ. ಬೇರೆ ಬೇರೆ ಪೊಟ್ಟಣಗಳವರು ಕೈಬಿಟ್ಟ ಹಳೆಯ ಓಲೆಗಳನ್ನೆಲ್ಲ ಆಯ್ದು ಒಂದೇ ಕಡೆ ಸಾಕಲು ಡೆಬಿಯನ್ನಿನಲ್ಲಿ ಈಗ ಒಂದು ಪೊಟ್ಟಣವೇ ಇದೆ. ಅದರ ಹೆಸರಿನಲ್ಲೇ 'ಅನಾಥ' ಎಂಬ ಮಾತಿದೆ. ಸಂಬಳವಿಲ್ಲ, ಹೆಚ್ಚು ಜನ ಬಳಸುವುದೂ ಇಲ್ಲ; ಆದರೂ ಯಾರೋ ನೋಡಿಕೊಳ್ಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡು, ಶನಿವಾರ ಎರಡು ಗಂಟೆಗೆ ಬನ್ನಿ ಎಂದೆ.

ಆ ಭಾನುವಾರ ಮೇಷ್ಟ್ರ ಮನೆಗೆ ಹೋದೆ. ಕಣ್ಣು ಮಂಜಾಗಿದೆ, ದನಿಯಿಂದ ಗುರುತಿಸಿದರು. ಕಾಫಿ ಬಂತು, ಸಕ್ಕರೆ ಇಲ್ಲದ್ದು. ಹೇಳಬೇಕಾದ್ದನ್ನು ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಅವರು ಎದ್ದು ಬೀರುವಿನ ಬಾಗಿಲು ತೆಗೆದು, ತಡಕಾಡದೆ, ಮಫ್ಲರಿನಲ್ಲಿ ಸುತ್ತಿದ್ದ ಡಿಸ್ಕನ್ನು ತೆಗೆದುಕೊಟ್ಟರು.

"ಹತ್ತು ವರ್ಷ ಬೇಕಾಯ್ತೇನಯ್ಯ ಕೇಳೋಕೆ?" ಎಂದರು. ಸಿಟ್ಟಿನಿಂದಲ್ಲ. ಆಮೇಲೆ, "ಆ ಯಂತ್ರ ಈಗಲೂ ಹೇಳಿಕೊಂಡೇ ಏಳುತ್ತೇನು?" ಎಂದು ಕೇಳಿದರು.

ಏಳುತ್ತದೆ. ಒಳಗಿನ ಭಾಗಗಳು ಒಂದೆರಡು ಬದಲಾಗಿವೆ, ಪಟ್ಟಿ ಮಾತ್ರ ಹಳೆಯದೇ. ಮೇಷ್ಟ್ರ ಡಿಸ್ಕಿನ ಸಾಲನ್ನು ಅಳಿಸೆಂದು ನಾನು ಹೇಳಲಿಲ್ಲ, ಹುಡುಗ ಅಳಿಸಲೂ ಇಲ್ಲ. ಹತ್ತು ವರ್ಷದಿಂದ ಬೆಳಗಾದರೆ ಪರದೆಯ ನಡುವೆ ಒಂದು ಸಾಲು, ಇಂಥ ಡಿಸ್ಕು ಕಾಣಿಸುತ್ತಿಲ್ಲ ಎಂದು. ಆಮೇಲೆ ಉಳಿದ ಸಾಲುಗಳು. ಸೋಮವಾರ ಕಾಲೇಜಿಗೆ ಸ್ವಲ್ಪ ಬೇಗನೆ ಹೋಗಿ ಡಿಸ್ಕನ್ನು ಜೋಡಿಸಿ ಗುಂಡಿ ಒತ್ತಿದೆ. ಅಕ್ಷರಗಳು ಏರಿದವು. ಆ ಸಾಲು ಬರುವ ಜಾಗ ನನಗೆ ಬಾಯಿಪಾಠವಾಗಿತ್ತು. ಅದು ಬರಲಿಲ್ಲ.

ಓಲೆಗರಿಯ ಚಿತ್ರಗಳು ಚೆನ್ನಾಗಿವೆ, ಒಂದು ಗುಚ್ಛ ಮಾತ್ರ ತೆರೆಯುತ್ತಿಲ್ಲ. ಹುಡುಗನನ್ನು ಕೇಳಬೇಕು, ಈ ಸಲ ಹಗಲು ಹೊತ್ತಿನಲ್ಲಿ. ಶನಿವಾರಕ್ಕೆ ಪ್ರೊಜೆಕ್ಟರ್ ಬೇಕು. ಅದರ ಬೀರುವಿನ ಬೀಗದ ಕೈ ಕಚೇರಿಯಲ್ಲಿ ಯಾರ ಹತ್ತಿರವಿದೆಯೋ ವಿಚಾರಿಸಬೇಕು.